ನೈಟ್ ಅಂದ್ರೆ ಧರ್ಮವೀರನಾ, ಕುದುರೆ ಮೇಲೆ ಕೂತ ವಸೂಲಿಗಾರನಾ?

ತುಂಗಾ_ತೀರ
ಮಗಳ ಶಾಲೆಯಲ್ಲಿ ಮಧ್ಯಯುಗದ ಯುರೋಪಿನ ನೈಟ್‌ಗಳ (ಕುದುರೆ ಮೇಲೆ ಕೂತು ಹೋರಾಡುವ ಯೋಧರ) ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಚಾರ್ಟಿನಲ್ಲಿ ಬರೆದಿರುವುದು ಇಷ್ಟು: ನೈಟ್ ಬಡವರನ್ನು ಕಾಪಾಡುತ್ತಾನೆ, ಹೆಂಗಸರನ್ನು ಗೌರವಿಸುತ್ತಾನೆ, ಸುಳ್ಳು ಹೇಳುವುದಿಲ್ಲ, ಯುದ್ಧದಲ್ಲಿ ಮೋಸ ಮಾಡುವುದಿಲ್ಲ. ಪಕ್ಕದಲ್ಲಿ ಬೆಳ್ಳಿ ಪೇಪರ್ ಅಂಟಿಸಿ ಒಬ್ಬ ನೈಟ್‌ನನ್ನೂ ನಿಲ್ಲಿಸಿದ್ದಾಳೆ. ನೋಡೋಕೆ ಚೆನ್ನಾಗಿದೆ.

ಆದರೆ ನಾನು ಇತ್ತೀಚೆಗೆ ವಿಲಿಯಂ ಮಾರ್ಷಲ್ ಅನ್ನುವವನ ಬಗ್ಗೆ ಓದುತ್ತಿದ್ದೆ. 12ನೇ ಶತಮಾನದ ಇಂಗ್ಲೆಂಡಿನವನು. ನೈಟ್ ಅಂದರೆ ಇವನ ಹಾಗಿರಬೇಕು ಅಂತ ಆ ಕಾಲದವರೇ ಹೊಗಳಿದ್ದಾರೆ. ಸಾಯುವಾಗ ಅವನೇ ಹೇಳಿಕೊಂಡನಂತೆ: ನಾನು 500 ನೈಟ್‌ಗಳನ್ನು ಹಿಡಿದಿದ್ದೇನೆ, ಅವರ ಕುದುರೆ, ಆಯುಧ ಎಲ್ಲ ನಾನೇ ಇಟ್ಟುಕೊಂಡಿದ್ದೇನೆ ಅಂತ. ಇದು ಶೌರ್ಯವಾ, ವಸೂಲಿ ದಂಧೆಯಾ? ಶಿವಲ್ರಿ, ಅಂದರೆ ನೈಟ್ ಹೀಗೇ ನಡ್ಕೋಬೇಕು ಅನ್ನುವ ಧರ್ಮ, ಅನ್ನೋದು ನಿಜಕ್ಕೂ ಇತ್ತಾ? ಗೊತ್ತಿರುವವರು ಹೇಳಿ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಇರಲಿಲ್ಲರೀ. ಮುಂದಿನ ಪ್ರಶ್ನೆ?

ಇತಿಹಾಸದ_ಮೇಷ್ಟ್ರು
ಇತ್ತು. ಆದರೆ ಯಾರಿಗೆ ಇತ್ತು ಅನ್ನೋದನ್ನು ಮೊದಲು ಕೇಳಬೇಕು.

ಮಾರ್ಷಲ್ ಹುಟ್ಟಿದ್ದು 1147ರ ಆಸುಪಾಸು. ದೊಡ್ಡ ಮನೆತನ ಅಲ್ಲ, ಮೇಲಾಗಿ ಹಿರಿಯ ಮಗನೂ ಅಲ್ಲ. ಆಸ್ತಿ ಬರುವುದು ಹಿರಿಯನಿಗೆ. ಉಳಿದವರಿಗೆ ಒಂದು ಕುದುರೆ, ಒಂದು ಕತ್ತಿ, ನಿನ್ನ ದಾರಿ ನೀನು ನೋಡ್ಕೋ. ಇವನನ್ನು ನಾರ್ಮಂಡಿಯಲ್ಲಿ ತಾಯಿಯ ಕಡೆಯ ಸಂಬಂಧಿಕರ ಮನೆಗೆ ತರಬೇತಿಗೆ ಕಳಿಸಿದರು. ಅಲ್ಲಿ ತಿನ್ನೋದು, ಕುಡಿಯೋದು, ಮಲಗೋದು ಬಿಟ್ಟು ಬೇರೆ ಕೆಲಸ ಇಲ್ಲ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರಂತೆ.

ನೈಟ್ ಆದ ಮೇಲೆ ಮೊದಲ ಕಾಳಗ ಡ್ರಿಂಕೂರ್ ಅನ್ನುವ ಊರಿನಲ್ಲಿ. ಹುಡುಗ ಚೆನ್ನಾಗಿಯೇ ಹೊಡೆದಾಡಿದ. ಆದರೆ ಯಾರನ್ನೂ ಸೆರೆ ಹಿಡಿಯಲಿಲ್ಲ, ಯಾರ ಕುದುರೆಯನ್ನೂ ಕಸಿದುಕೊಳ್ಳಲಿಲ್ಲ. ಸಾಲದ್ದಕ್ಕೆ ತನ್ನ ಕುದುರೆಯೂ ಸತ್ತಿತು. ರಾತ್ರಿ ಊಟದ ಹೊತ್ತಿಗೆ ಒಬ್ಬ ದೊಡ್ಡ ಸರದಾರ ಎಲ್ಲರೆದುರು, 'ಮಾರ್ಷಲ್, ನನಗೊಂದು ಹಳೇ ಕುದುರೆ ಪಟ್ಟಿ ಕೊಡಯ್ಯಾ' ಅಂದ. 'ನನ್ನ ಹತ್ತಿರ ಎಲ್ಲಿದೆ ಸ್ವಾಮಿ?' ಅಂತ ಇವನು. 'ಈಗಷ್ಟೇ ನಲವತ್ತೋ ಅರವತ್ತೋ ಸಿಕ್ಕಿರಬೇಕಲ್ಲ!' ಎಲ್ಲರೂ ನಕ್ಕರು. ಪಾಠ ಗೊತ್ತಾಯ್ತಾ? ಹೊಡೆದಾಡಿದರೆ ಸಾಲದು, ವಸೂಲಿಯೂ ಆಗಬೇಕು. ಕೊನೆಗೆ ನೈಟ್ ಆದ ದಿನ ಹೊದ್ದಿದ್ದ ಮೇಲಂಗಿಯನ್ನೇ ಮಾರಿ ಒಂದು ಸಾಧಾರಣ ಕುದುರೆ ಕೊಂಡ.

ಆಮೇಲೆ ಅವನು ಪಂದ್ಯಗಳಿಗೆ ಇಳಿದಿದ್ದು ಈ ಪಾಠ ಕಲಿತ ಮೇಲೆ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಮೇಷ್ಟ್ರೇ, ನೀವು ನನ್ನ ಮಾತನ್ನೇ ಉದ್ದ ಮಾಡಿ ಹೇಳಿದಿರಿ ನೋಡ್ರೀ.

ಪಿಕ್ಸೆಲ್_ಪ್ರಜೆ
ಪಂದ್ಯ ಅಂದ್ರೆ ಆ ಉದ್ದ ಕೋಲು ಹಿಡ್ಕೊಂಡು ಎದುರಾಬದುರಾ ಓಡಿ ಬರ್ತಾರಲ್ಲ, ಅದೇ ತಾನೇ? ನಾನು ಆಡೋ ಗೇಮಲ್ಲಿ ಇದೆ. ಮಧ್ಯೆ ಒಂದು ಮರದ ಬೇಲಿ ಇರುತ್ತೆ.

ಇತಿಹಾಸದ_ಮೇಷ್ಟ್ರು
ಅಲ್ಲಪ್ಪ, ಬೇಲಿ ಹಾಕಿದ್ದು ಎಷ್ಟೋ ಕಾಲದ ನಂತರ. ಮಾರ್ಷಲ್ ಕಾಲದ ಪಂದ್ಯಕ್ಕೆ ಅಂಗಳ ಅಂತಲೇ ಇರಲಿಲ್ಲ. ಎರಡು ಊರುಗಳ ನಡುವಿನ ಹೊಲ, ದ್ರಾಕ್ಷಿ ತೋಟ, ಹಳ್ಳ, ಬೀದಿ, ಎಲ್ಲವೂ ಅಂಗಳವೇ. ನೂರಾರು ಜನ ಎರಡು ಪಕ್ಷವಾಗಿ ಒಬ್ಬರ ಮೇಲೊಬ್ಬರು ಬೀಳುವುದು. ಕೊಲ್ಲುವ ಉದ್ದೇಶ ಇಲ್ಲ, ಆದರೂ ಸಾಯುತ್ತಿದ್ದರು. ಎದುರಾಳಿಯ ಕುದುರೆಯ ಲಗಾಮು ಹಿಡಿದು ಎಳೆದುಕೊಂಡು ಬಂದರೆ ಅವನು ನಿಮ್ಮ ಸೆರೆಯಾಳು. ಕುದುರೆ ನಿಮ್ಮದು, ಕವಚ ನಿಮ್ಮದು. ಬಿಡುಗಡೆಗೆ ದುಡ್ಡು ಬೇರೆ. ಮಾರ್ಷಲ್ ರೋಜರ್ ಅನ್ನುವ ಇನ್ನೊಬ್ಬ ನೈಟ್ ಜೊತೆ ಪಾಲುದಾರಿಕೆ ಮಾಡಿಕೊಂಡು ಹತ್ತು ತಿಂಗಳಲ್ಲಿ 103 ನೈಟ್‌ಗಳನ್ನು ಹಿಡಿದ. ಅದರ ಲೆಕ್ಕ ಬರೆಯೋಕೆ ಒಬ್ಬ ಗುಮಾಸ್ತನೂ ಇದ್ದ.

ಕರಾವಳಿ_ಕಾಕ
ಓಹೋ, ಇದು ನಮ್ಮ ಕೋಳಿ ಅಂಕ ಮಾರಾಯ್ರೆ! ಗೆದ್ದವನಿಗೆ ಸೋತ ಕೋಳಿ. ಇಲ್ಲಿ ಕೋಳಿ ಬದಲು ಕುದುರೆ, ಮೇಲೆ ಒಬ್ಬ ಸಾಹುಕಾರ 😀

ರಾಗಿಮುದ್ದೆ
ಹೊಲ, ದ್ರಾಕ್ಷಿ ತೋಟ ಅಂದ್ರಲ್ಲ ಮೇಷ್ಟ್ರೇ. ಅದು ಯಾರ ಹೊಲ? ಬೆಳೆ ತುಳಿದು ಹಾಳಾದರೆ ಪರಿಹಾರ ಕೊಡ್ತಿದ್ರಾ?

ಇತಿಹಾಸದ_ಮೇಷ್ಟ್ರು
ಒಳ್ಳೇ ಪ್ರಶ್ನೆ. ಇಂಗ್ಲೆಂಡಿನ ರಾಜ ಮೊದಲನೇ ರಿಚರ್ಡ್ 1194ರಲ್ಲಿ ಐದೇ ಜಾಗಗಳಲ್ಲಿ ಪಂದ್ಯಕ್ಕೆ ಪರವಾನಗಿ ಕೊಟ್ಟ. ಶುಲ್ಕವೂ ಇತ್ತು. ಅರ್ಲ್‌ಗೆ (ಅತಿ ದೊಡ್ಡ ಸರದಾರ) 20 ಮಾರ್ಕ್ (ಆ ಕಾಲದ ಹಣದ ಲೆಕ್ಕ), ಅವನಿಗಿಂತ ಕೆಳಗಿನ ಸರದಾರ ಬ್ಯಾರನ್‌ಗೆ 10, ಜಮೀನಿದ್ದ ನೈಟ್‌ಗೆ 4, ಜಮೀನಿಲ್ಲದವನಿಗೆ 2. ದುಡ್ಡು ಹೋಗಿದ್ದು ರಾಜನ ಬೊಕ್ಕಸಕ್ಕೆ. ರೈತನ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ರಾಗಿಮುದ್ದೆ
ಇರಲ್ಲ ಬಿಡಿ. ಗೊತ್ತಿತ್ತು.

ಸುಮಾ_ಕೆ
ಚರ್ಚ್ ಇದನ್ನೆಲ್ಲ ಒಪ್ಪಿತ್ತಾ? ನೈಟ್ ಆಗುವ ಹಿಂದಿನ ರಾತ್ರಿ ಚರ್ಚಿನಲ್ಲಿ ಜಾಗರಣೆ ಮಾಡ್ತಿದ್ರು ಅಂತ ಓದಿದ ನೆನಪು.

ಇತಿಹಾಸದ_ಮೇಷ್ಟ್ರು
ಎಲ್ಲಿ ಒಪ್ಪುತ್ತೆ ಮೇಡಂ! 1130ರಲ್ಲೇ ಪಂದ್ಯಗಳನ್ನು ನಿಷೇಧಿಸಿತ್ತು. ಪಂದ್ಯದಲ್ಲಿ ಸತ್ತವನಿಗೆ ಚರ್ಚಿನ ನೆಲದಲ್ಲಿ ಮಣ್ಣೂ ಸಿಗಬಾರದು ಅಂತ ಆಜ್ಞೆ. ನಿಷೇಧ ಹಿಂದಕ್ಕೆ ತೆಗೆದುಕೊಂಡಿದ್ದು 1316ರಲ್ಲಿ. ನಡುವಿನ ಇಷ್ಟೂ ವರ್ಷ ಪಂದ್ಯ ನಡೀತಾನೇ ಇತ್ತು. ಯಾರೂ ಕೇಳಲಿಲ್ಲ.

ಬ್ರಿಸ್ಟಲ್_ಭಟ್ಟ
ಎಲ್ಲರೂ ಮಾರ್ಷಲ್‌ನನ್ನು ಬರೀ ವಸೂಲಿಗಾರ ಮಾಡ್ತಿದ್ದೀರಿ. ನಾನಿರುವ ಊರಿಂದ ಅವನ ಚೆಪ್‌ಸ್ಟೋ ಕೋಟೆ ಹತ್ತಿರ. ಮನೆಗೆ ನೆಂಟರು ಬಂದಾಗಲೆಲ್ಲ ಕರ್ಕೊಂಡು ಹೋಗ್ತೀನಿ, ಹಾಗಾಗಿ ಅವನ ಪರ ಎರಡು ಮಾತು.

ಅವನ ಬಾಲ್ಯ ನೋಡಿ. 1152. ಅಪ್ಪ ಜಾನ್, ರಾಜ ಸ್ಟೀಫನ್‌ಗೆ ವಿರೋಧಿ. ಕೋಟೆ ಒಪ್ಪಿಸ್ತೀನಿ ಅಂತ ಮಾತು ಕೊಟ್ಟು ಈ ಪುಟ್ಟ ಹುಡುಗನನ್ನು ಒತ್ತೆ ಇಟ್ಟ. ಆಮೇಲೆ ಮಾತು ಮುರಿದ. ನಿನ್ನ ಮಗನನ್ನು ನೇಣಿಗೆ ಹಾಕ್ತೀವಿ ಅಂತ ಹೇಳಿ ಕಳಿಸಿದರೆ ಅಪ್ಪನ ಉತ್ತರ: ಇದಕ್ಕಿಂತ ಒಳ್ಳೇ ಮಕ್ಕಳನ್ನು ಮಾಡೋಕೆ ನನ್ನ ಹತ್ತಿರ ಸುತ್ತಿಗೆ, ಕಮ್ಮಾರನ ಅಡಿಗಲ್ಲು ಎರಡೂ ಇವೆ. ಎಂಥ ಅಪ್ಪ ನೋಡಿ! ಹುಡುಗನನ್ನು ನೇಣಿಗೆ ಕರ್ಕೊಂಡು ಹೋಗುವಾಗ ಅವನು ಪಕ್ಕದ ಸರದಾರನ ಕೈಯಲ್ಲಿದ್ದ ಈಟಿ ನೋಡಿ, ಅದನ್ನು ಆಡೋಕೆ ಕೊಡ್ತೀರಾ ಅಂತ ಕೇಳಿದನಂತೆ. ರಾಜನಿಗೆ ಮನಸ್ಸು ಬರಲಿಲ್ಲ. ಆಮೇಲೆ ರಾಜನ ಡೇರೆಯಲ್ಲಿ ಇಬ್ಬರೂ ಕೂತು ಗಿಡದ ದಂಟುಗಳನ್ನು ನೈಟ್‌ಗಳ ಹಾಗೆ ಹಿಡಿದು ಆಡಿದರು. ಒಂದು ದಂಟಿಂದ ಇನ್ನೊಂದರ ತಲೆ ಹಾರಿಸೋದು ಆಟ. ಮೊದಲ ಏಟು ಹೊಡೆದು ಗೆದ್ದಿದ್ದು ಹುಡುಗ.

ಇಂಥ ಅಪ್ಪನ ಮಗ ಮುಂದೆ ಐದು ರಾಜರ ಆಸ್ಥಾನದಲ್ಲಿದ್ದು, ಯಾರಿಗೆ ಮಾತು ಕೊಟ್ಟನೋ ಅವರನ್ನು ಬಿಡದೆ ನಿಂತ. 1189ರಲ್ಲಿ ಮುದಿ ರಾಜ ಎರಡನೇ ಹೆನ್ರಿ ಸೋತು ಓಡುತ್ತಿದ್ದಾಗ ಎಲ್ಲರೂ ಮಗ ರಿಚರ್ಡ್ ಕಡೆ ಜಾರಿಕೊಳ್ಳುತ್ತಿದ್ದರು. ಬೆನ್ನಟ್ಟಿ ಬಂದ ರಿಚರ್ಡ್‌ಗೆ ಮಾರ್ಷಲ್ ಅಡ್ಡ ನಿಂತು ಅವನ ಕುದುರೆಯನ್ನೇ ಕೊಂದ. ಮನಸ್ಸು ಮಾಡಿದ್ದರೆ ರಿಚರ್ಡ್‌ನನ್ನೇ ಕೊಲ್ಲಬಹುದಿತ್ತು. ಮುಂದಿನ ರಾಜ ಇವನೇ ಅಂತ ಗೊತ್ತಿದ್ದೂ ಎದುರು ನಿಂತ. ಇದು ಶಿವಲ್ರಿ ಅಲ್ವಾ?

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ರಿಚರ್ಡ್ ರಾಜ ಆದ ಮೇಲೆ ಅದೇ ಮಾರ್ಷಲ್‌ಗೆ ದೇಶದ ದೊಡ್ಡ ಆಸ್ತಿ ಇದ್ದ ಹುಡುಗಿಯನ್ನು ಕೊಟ್ಟು ಮದುವೆ ಮಾಡಿಸಿದ, ಅದನ್ನೂ ಹೇಳ್ರಲಾ ಭಟ್ರೇ. ಆ ಚೆಪ್‌ಸ್ಟೋ ಕೋಟೆ ಅವನು ಕಟ್ಟಿಸಿದ್ದಲ್ಲ. ಹೆಂಡತಿ ಕಡೆಯಿಂದ ಬಂದದ್ದು.

ಬ್ರಿಸ್ಟಲ್_ಭಟ್ಟ
ಶುರು ಮಾಡಿದ್ದು 1067ರಲ್ಲಿ, ನಾರ್ಮನ್ನರು. ಇವನು ದೊಡ್ಡದು ಮಾಡಿಸಿದ. ಕಟ್ಟಿಸಿದ ಅಂತ ನಾನು ಎಲ್ಲಿ ಹೇಳಿದೆ?

ಸುಮಾ_ಕೆ
ಒಂದು ನಿಮಿಷ. 'ಹುಡುಗಿಯನ್ನು ಕೊಟ್ಟು' ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಇಸಬೆಲ್ ದ ಕ್ಲೇರ್‌ಗೆ ಆಗ ಹದಿನೇಳರ ಆಸುಪಾಸು, ಅವನಿಗೆ ನಲವತ್ತು ದಾಟಿತ್ತು. ಅಪ್ಪ ಇಲ್ಲದ ಹುಡುಗಿ ಅಂತ ರಾಜನ ಸುಪರ್ದಿನಲ್ಲಿ ಲಂಡನ್ ಟವರಿನಲ್ಲಿ ಇಟ್ಟಿದ್ದರು. ಅವಳ ಮದುವೆ ಮಾಡಿಸುವ ಹಕ್ಕು ರಾಜನದ್ದು. ಬೇಕಾದವರಿಗೆ ಬಹುಮಾನವಾಗಿ ಕೊಡಬಹುದು, ದುಡ್ಡಿಗೆ ಮಾರಲೂಬಹುದು. ವಿಧವೆಯರೂ ಬೇಡದ ಮದುವೆ ತಪ್ಪಿಸಿಕೊಳ್ಳೋಕೆ ರಾಜನಿಗೆ ದುಡ್ಡು ಕಟ್ಟುತ್ತಿದ್ದರು. 1215ರ ಮ್ಯಾಗ್ನಾ ಕಾರ್ಟಾದ (ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಒಪ್ಪಂದಪತ್ರ) 8ನೇ ಕಲಮಿನಲ್ಲಿ 'ವಿಧವೆಯನ್ನು ಮರುಮದುವೆಗೆ ಒತ್ತಾಯಿಸಬಾರದು' ಅಂತ ಬರೆಸಬೇಕಾಗಿ ಬಂತು. ಹೆಂಗಸರನ್ನು ಗೌರವಿಸುವ ನೈಟ್‌ಗಳ ನಾಡಿನಲ್ಲಿ ಈ ಕಲಮು ಯಾಕೆ ಬೇಕಾಯ್ತು ಅಂತ ಯೋಚಿಸಿ.

ಹಾಗಂತ ಇಸಬೆಲ್ ಸುಮ್ನೆ ಮೂಲೆಯಲ್ಲಿ ಕೂತವಳಲ್ಲ. 1207ರಲ್ಲಿ ಗಂಡ ಇಂಗ್ಲೆಂಡಿಗೆ ಹೋಗಬೇಕಾಗಿ ಬಂದಾಗ ಐರ್ಲೆಂಡಿನ ಆಸ್ತಿಯನ್ನು ನೋಡಿಕೊಂಡವಳು ಬಸುರಿ ಹೆಂಡತಿ. ಹೊರಡುವ ಮುಂಚೆ ಮಾರ್ಷಲ್ ತನ್ನ ಜನರನ್ನು ಸೇರಿಸಿ, ನನಗೆ ಇಲ್ಲಿ ಇರುವುದೆಲ್ಲ ಇವಳಿಂದಲೇ ಬಂದದ್ದು ಅಂತ ಹೇಳಿ ಅವಳನ್ನು ಅವರಿಗೆ ಒಪ್ಪಿಸಿದ. ಶತ್ರುಗಳು ಮುತ್ತಿಗೆ ಹಾಕಿದರು, ಅವಳು ಬಗ್ಗಲಿಲ್ಲ.

ಬ್ರಿಸ್ಟಲ್_ಭಟ್ಟ
ಸುಮಾ ಅವರೇ, ಇದು ನನಗೆ ಇಷ್ಟವಾದ ಭಾಗ. ಹೆಂಗಸರ ಮಾತು ಬಂತಲ್ಲ, ಇನ್ನೊಂದು ಹೇಳ್ತೀನಿ. 1168ರಲ್ಲಿ ಮಾರ್ಷಲ್ ಫ್ರಾನ್ಸಿನಲ್ಲಿ ಸೆರೆ ಸಿಕ್ಕ. ತೊಡೆಗೆ ಈಟಿ ತಗುಲಿತ್ತು. ಹಿಡಿದವರು ಒಂದು ಕಡೆ ನಿಲ್ಲದೆ ಅಲೆಯುತ್ತಿದ್ದರು, ಗಾಯಕ್ಕೆ ಬಟ್ಟೆಯೂ ಕೊಡಲಿಲ್ಲ. ಒಂದು ಊರಿನಲ್ಲಿ ಒಬ್ಬ ಹೆಂಗಸು ಬ್ರೆಡ್ಡಿನ ತಿರುಳು ತೆಗೆದು, ಒಳಗೆ ನಾರುಬಟ್ಟೆಯ ಪಟ್ಟಿ ತುಂಬಿ ಕಳಿಸಿದಳು. ಅದರಿಂದ ಬದುಕಿದ. ಕೊನೆಗೆ ಎರಡನೇ ಹೆನ್ರಿಯ ರಾಣಿ ಎಲಿನಾರ್ ದುಡ್ಡು ಕೊಟ್ಟು ಬಿಡಿಸಿದಳು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಅಂದ್ರೆ ಹೆಂಗಸರು ನೈಟ್‌ನನ್ನು ಕಾಪಾಡಿದರು. ಚಾರ್ಟಿನಲ್ಲಿ ತಿರುಗಿಸಿ ಬರೀಬೇಕು.

ಪಿಕ್ಸೆಲ್_ಪ್ರಜೆ
ಕವಚ ಹಾಕ್ಕೊಂಡ್ರೆ ನೈಟ್ ಕೆಳಗೆ ಬಿದ್ದರೆ ಏಳೋಕೇ ಆಗ್ತಿರ್ಲಿಲ್ಲ, ಕ್ರೇನ್ ಇಟ್ಟು ಕುದುರೆ ಮೇಲೆ ಹತ್ತಿಸ್ತಿದ್ರು, ಹೌದಾ?

ಇತಿಹಾಸದ_ಮೇಷ್ಟ್ರು
ಶುದ್ಧ ಸುಳ್ಳು. ಸಿನಿಮಾದವರು ಹಬ್ಬಿಸಿದ್ದು. ಮಾರ್ಷಲ್ ಕಾಲದಲ್ಲಿ ಉಕ್ಕಿನ ತಗಡಿನ ಪೂರಾ ಕವಚವೇ ಇರಲಿಲ್ಲ, ಕಬ್ಬಿಣದ ಬಳೆ ಹೆಣೆದ ಅಂಗಿ. ಹೆಚ್ಚುಕಡಿಮೆ 10ರಿಂದ 15 ಕಿಲೋ. ಮುಂದೆ ಬಂದ ತಗಡಿನ ಕವಚವೂ 20-25 ಕಿಲೋ, ಭಾರ ಇಡೀ ಮೈಗೆ ಹಂಚಿ ಹೋಗುತ್ತದೆ. ಫ್ರಾನ್ಸಿನ ಬೂಸಿಕೋ ಅನ್ನುವವನು ಶಿರಸ್ತ್ರಾಣ ಬಿಟ್ಟು ಪೂರ್ತಿ ಕವಚದಲ್ಲಿ ಲಾಗ ಹಾಕುತ್ತಿದ್ದ, ಗೋಡೆಗೆ ಒರಗಿಸಿದ ಏಣಿಯ ಹಿಂಬದಿಯಿಂದ ಬರೀ ಕೈಯಲ್ಲೇ ಜೋತುಬಿದ್ದು ಹತ್ತುತ್ತಿದ್ದ ಅಂತ ಅವನ ಚರಿತ್ರೆಯಲ್ಲಿದೆ.

ಆದರೆ ಶಿರಸ್ತ್ರಾಣದ ಕಷ್ಟ ನಿಜ. ಪ್ಲರ್ ಅನ್ನುವ ಊರಿನ ಪಂದ್ಯದಲ್ಲಿ ಮಾರ್ಷಲ್‌ಗೆ ಬಹುಮಾನ ಕೊಡೋಣ ಅಂತ ಹುಡುಕಿದರೆ ಆಸಾಮಿ ಇಲ್ಲ. ನೋಡಿದರೆ ಕಮ್ಮಾರನ ಕುಲುಮೆಯಲ್ಲಿ ಅಡಿಗಲ್ಲಿನ ಮೇಲೆ ತಲೆ ಇಟ್ಟುಕೊಂಡು ಮಂಡಿಯೂರಿದ್ದಾನೆ! ಏಟು ತಿಂದು ತಿಂದು ಶಿರಸ್ತ್ರಾಣ ಜಜ್ಜಿಹೋಗಿ ತಲೆಯಿಂದ ಹೊರಗೇ ಬರುತ್ತಿಲ್ಲ. ಕಮ್ಮಾರ ಸುತ್ತಿಗೆ, ಇಕ್ಕಳ ಹಿಡಿದು ಬಿಡಿಸುತ್ತಿದ್ದಾನೆ. ಬಹುಮಾನ ಏನು ಗೊತ್ತಾ? ಒಂದು ದೊಡ್ಡ ಮೀನು.

ಕರಾವಳಿ_ಕಾಕ
ಯಾವ ಮೀನು? ಅದು ಹೇಳಿ ಮೊದಲು.

ಇತಿಹಾಸದ_ಮೇಷ್ಟ್ರು
ಪೈಕ್. ಸಿಹಿನೀರಿನದು, ಬಾಯಿ ತುಂಬ ಹಲ್ಲು.

ಕರಾವಳಿ_ಕಾಕ
ಸಿಹಿನೀರಿನದಾ? ಛೆ, ಬೇಡ ಮಾರಾಯ್ರೆ. ಕುದುರೆಯೇ ಇರಲಿ.

ತುಂಗಾ_ತೀರ
😂 ಎಲ್ಲರಿಗೂ ಥ್ಯಾಂಕ್ಸ್. ನಾನು ಓದಿದ ಇನ್ನೊಂದು ಕಥೆ ಹಾಕ್ತೀನಿ, ಇದಕ್ಕೆ ಏನು ಹೇಳ್ತೀರಿ ನೋಡೋಣ. ಮಾರ್ಷಲ್ ದಾರಿ ಬದಿಯಲ್ಲಿ ಮಲಗಿದ್ದಾಗ ಒಬ್ಬ ಗಂಡಸು, ಒಬ್ಬ ಹೆಂಗಸು ಕುದುರೆ ಮೇಲೆ ಹೋಗ್ತಾರೆ. ಹೆಂಗಸು 'ಅಯ್ಯೋ ದೇವರೇ, ಸುಸ್ತಾಯ್ತು' ಅಂದದ್ದು ಕೇಳಿ ಇವನಿಗೆ ಎಚ್ಚರವಾಗುತ್ತೆ. ಹಿಂದೆ ಹೋಗಿ ವಿಚಾರಿಸಿದರೆ ಅವನು ಮಠ ಬಿಟ್ಟು ಓಡಿಬಂದ ಸನ್ಯಾಸಿ, ಅವಳು ದೊಡ್ಡ ಮನೆಯ ಹುಡುಗಿ. ಹೇಗೆ ಬದುಕ್ತೀರಿ ಅಂದರೆ ಸನ್ಯಾಸಿ 48 ಪೌಂಡ್ ತೋರಿಸಿ, ಇದನ್ನು ಬಡ್ಡಿಗೆ ಬಿಡ್ತೀವಿ ಅಂತಾನೆ. ಬಡ್ಡಿ ಪಾಪ ಅಂತ ಹೇಳಿ ಮಾರ್ಷಲ್ ಆ ದುಡ್ಡು ಕಿತ್ತುಕೊಂಡು ಅವರನ್ನು ಹಾಗೇ ಕಳಿಸ್ತಾನೆ. ದುಡ್ಡು ವಾಪಸ್ ಮಠಕ್ಕೆ ಕೊಟ್ಟನಾ? ಇಲ್ಲ! ಗೆಳೆಯರ ಜೊತೆ ಹಂಚಿಕೊಂಡ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ದಾರಿಗಳ್ಳ. ಕೇಸ್ ಕ್ಲೋಸ್.

ಬ್ರಿಸ್ಟಲ್_ಭಟ್ಟ
ಆ ಕಾಲದ ಕಣ್ಣಲ್ಲಿ ನೋಡಿ. ಮಠ ಬಿಟ್ಟ ಸನ್ಯಾಸಿ, ಅದೂ ಬಡ್ಡಿ ವ್ಯವಹಾರ. ಎರಡೂ ದೊಡ್ಡ ಪಾಪ. ಹುಡುಗಿಯನ್ನು ಮನೆಯವರ ಜೊತೆ ರಾಜಿ ಮಾಡಿಸ್ತೀನಿ ಅಂತ ಮೊದಲು ಕೇಳಿದ್ದ. ಅವಳು ಒಪ್ಪಲಿಲ್ಲ. ಮುಟ್ಟಲಿಲ್ಲ, ಬೈಯಲಿಲ್ಲ, ಅವರ ಕುದುರೆಗಳನ್ನೂ ಬಿಟ್ಟ.

ಸುಮಾ_ಕೆ
ಕುದುರೆ ಬಿಟ್ಟಿದ್ದಕ್ಕೆ ಸನ್ಮಾನ ಮಾಡಬೇಕಾ ಭಟ್ರೇ?

ಇತಿಹಾಸದ_ಮೇಷ್ಟ್ರು
ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆ. ಇದು ನಮಗೆ ಗೊತ್ತಾಗಿದ್ದು ಶತ್ರುಗಳಿಂದಲ್ಲ. ಮಾರ್ಷಲ್ ಸತ್ತ ಮೇಲೆ ಅವನ ಮಗನೇ ಅಪ್ಪನ ಕೀರ್ತಿ ಉಳಿಯಲಿ ಅಂತ ಒಂದು ಪದ್ಯಚರಿತ್ರೆ ಬರೆಸಿದ. ಹಳೇ ಫ್ರೆಂಚಿನಲ್ಲಿ 19 ಸಾವಿರಕ್ಕೂ ಹೆಚ್ಚು ಸಾಲು. ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ, 1861ರಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಕಾಣಿಸಿಕೊಂಡು ಮತ್ತೆ ಮಾಯವಾಗಿತ್ತು. ಪಾಲ್ ಮೇಯರ್ ಅನ್ನುವ ಫ್ರೆಂಚ್ ವಿದ್ವಾಂಸ 20 ವರ್ಷ ಹುಡುಕಿ ಮತ್ತೆ ಪತ್ತೆ ಮಾಡಿದ. ಈ ಸನ್ಯಾಸಿಯ ದುಡ್ಡು ಕಿತ್ತ ಕಥೆ ಅದರಲ್ಲಿ ಹೊಗಳಿಕೆಯಾಗಿಯೇ ಬಂದಿದೆ. ಮನೆಯವರಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ಅವರ ಧರ್ಮ ನಮ್ಮದಲ್ಲ ಅಷ್ಟೇ. ಮಾತು ಉಳಿಸಿಕೊಳ್ಳಬೇಕು, ಒಡೆಯನನ್ನು ಬಿಡಬಾರದು, ಸೆರೆ ಸಿಕ್ಕ ಸಮಾನನನ್ನು ಕೊಲ್ಲಬಾರದು, ಗಳಿಸಿದ್ದನ್ನು ಧಾರಾಳವಾಗಿ ಹಂಚಬೇಕು. ಕೊನೆಯದನ್ನು ಜನ ಮರೀತಾರೆ. ಗಳಿಸಿ ಕೂಡಿಟ್ಟವನು ಒಳ್ಳೇ ನೈಟ್ ಅಲ್ಲ. ಸಾಯುವಾಗ ಒಬ್ಬ ಗುಮಾಸ್ತ, ನೈಟ್‌ಗಳಿಗೆ ಹಬ್ಬಕ್ಕೆ ಕೊಡಬೇಕಾದ ತುಪ್ಪಳದ ನಿಲುವಂಗಿಗಳನ್ನು ಮಾರಿ ನಿಮ್ಮ ಆತ್ಮಕ್ಕೆ ದಾನ ಮಾಡೋಣ ಅಂದಾಗ ಮಾರ್ಷಲ್ ಗದರಿಸಿದ: ಬಾಯಿ ಮುಚ್ಚು, ಹಬ್ಬ ಬಂತು, ನನ್ನ ಹುಡುಗರಿಗೆ ಹೊಸ ಬಟ್ಟೆ ಸಿಗಲೇಬೇಕು.

ರಾಗಿಮುದ್ದೆ
'ಸೆರೆ ಸಿಕ್ಕ ಸಮಾನನನ್ನು ಕೊಲ್ಲಬಾರದು.' ಇಲ್ಲಿ 'ಸಮಾನ' ಅನ್ನೋದರ ಕೆಳಗೆ ಗೆರೆ ಎಳೀರಿ ಮೇಷ್ಟ್ರೇ. ನಮ್ಮಂಥವರು ಸಿಕ್ಕಿದ್ದರೆ?

ಇತಿಹಾಸದ_ಮೇಷ್ಟ್ರು
ಅದಕ್ಕೆ ರೋಚೆಸ್ಟರ್ ಕೋಟೆ ಕಥೆ ಹೇಳಬೇಕು. 1215. ರಾಜ ಜಾನ್ ವಿರುದ್ಧ ಬ್ಯಾರನ್‌ಗಳು ದಂಗೆ ಎದ್ದು ಕೋಟೆ ಹಿಡಿದುಕೊಂಡಿದ್ದರು. ರಾಜ ಸುಮಾರು ಏಳು ವಾರ ಮುತ್ತಿಗೆ ಹಾಕಿದ. ಗೋಡೆಯ ಬುಡ ಅಗೆದು, ಮೇಲಿನ ಭಾರ ಬೀಳದ ಹಾಗೆ ಮರದ ಕಂಬ ಕೊಟ್ಟು ಸುರಂಗ ತೋಡಿದರು. ಆಮೇಲೆ ಕಂಬಕ್ಕೆ ಬೆಂಕಿ ಹಾಕಬೇಕಲ್ಲ, ಅದಕ್ಕೆ ರಾಜ ಪತ್ರ ಬರೆದ: ತಿನ್ನೋಕೆ ಯೋಗ್ಯವಲ್ಲದ, ಚೆನ್ನಾಗಿ ಕೊಬ್ಬಿದ 40 ಹಂದಿಗಳನ್ನು ಹಗಲೂ ರಾತ್ರಿ ಓಡಿಸಿಕೊಂಡಾದರೂ ಕಳಿಸಿ. ಆ ಪತ್ರ ಇವತ್ತಿಗೂ ಇದೆ. ಹಂದಿ ಕೊಬ್ಬಿಗೆ ಕಂಬ ಉರಿದು ಕೋಟೆಯ ಒಂದು ಮೂಲೆಯೇ ಕುಸಿಯಿತು. ಮೂರು ಮೂಲೆಯ ಬುರುಜು ಚೌಕ, ಆಮೇಲೆ ಕಟ್ಟಿದ ನಾಲ್ಕನೆಯದು ಮಾತ್ರ ಗುಂಡಗೆ. ಈಗಲೂ ಹೋಗಿ ನೋಡಬಹುದು.

ಒಳಗಿದ್ದವರು ಹಸಿದು ಶರಣಾದರು. ಜಾನ್ ಎಲ್ಲರನ್ನೂ ನೇಣಿಗೆ ಹಾಕಿ ಅಂದ. ಅವನದೇ ಕಡೆಯ ಸವಾರಿ ಅನ್ನುವ ಸೇನಾನಿ ತಡೆದ: ಇವತ್ತು ನೀವು ಅವರ ನೈಟ್‌ಗಳನ್ನು ನೇಣಿಗೆ ಹಾಕಿದರೆ ನಾಳೆ ನಮ್ಮನ್ನೂ ಹಾಗೇ ಮಾಡ್ತಾರೆ, ಯಾರೂ ನಿಮ್ಮ ಕಡೆ ಹೋರಾಡೋಕೆ ಬರಲ್ಲ. ನೈಟ್‌ಗಳು ಉಳಿದುಕೊಂಡರು. ನೇಣಾಗಿದ್ದು ಬಿಲ್ಲುಗಾರರಿಗೆ. ಒಬ್ಬ ಚರಿತ್ರಕಾರ ಒಬ್ಬನೇ ಬಿಲ್ಲುಗಾರ ಅಂತಾನೆ, ಇನ್ನೊಬ್ಬ ಬಿಲ್ಲುಗಾರರೆಲ್ಲ ಅಂತಾನೆ.

ರಾಗಿಮುದ್ದೆ
ಒಬ್ಬನಾದರೂ ಸರಿ, ಎಲ್ಲರಾದರೂ ಸರಿ. ದುಡ್ಡು ಕೊಟ್ಟು ಬಿಡಿಸಿಕೊಳ್ಳೋಕೆ ಮನೆಯಲ್ಲಿ ಗತಿ ಇಲ್ಲದವನು ಸತ್ತ. ನನ್ನ ಲೆಕ್ಕದಲ್ಲಿ ನಿಮ್ಮ ಶಿವಲ್ರಿ ಅಂದರೆ ಇಷ್ಟೇ, ಶ್ರೀಮಂತರು ಒಬ್ಬರಿಗೊಬ್ಬರು ಮಾಡಿಕೊಂಡ ಜೀವವಿಮೆ. ಕಂತು ಕಟ್ಟಿದವನು ರೈತ.

ಆ ಕಂತು ಹೇಗಿತ್ತು ಅಂತಲೂ ಹೇಳ್ತೀನಿ. ಜೀತದ ರೈತ ವಾರದಲ್ಲಿ ಇಂತಿಷ್ಟು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡೀಬೇಕು. ಮಗಳ ಮದುವೆ ಮಾಡಬೇಕಾದರೆ ಒಡೆಯನಿಗೆ ಕಾಣಿಕೆ. ಅಪ್ಪ ಸತ್ತರೆ ಮನೆಯ ಒಳ್ಳೇ ದನ ಒಡೆಯನಿಗೆ, ಅದರ ಮುಂದಿನದು ಚರ್ಚಿಗೆ. ಹಿಟ್ಟು ಮಾಡಿಸಬೇಕಾದರೆ ಒಡೆಯನ ಗಿರಣಿಗೇ ಹೋಗಬೇಕು, ಅಲ್ಲೊಂದು ಪಾಲು ಕೊಡಬೇಕು. ಮನೆಯಲ್ಲಿ ಬೀಸೋ ಕಲ್ಲು ಇಟ್ಟುಕೊಳ್ಳುವ ಹಾಗಿಲ್ಲ! ಸೇಂಟ್ ಆಲ್ಬನ್ಸ್ ಅನ್ನುವ ಊರಲ್ಲಿ ಮಠದ ಮುಖ್ಯಸ್ಥ ಜನರ ಬೀಸೋ ಕಲ್ಲುಗಳನ್ನು ಕಸಿದುಕೊಂಡು ಮಠದ ಕೋಣೆಯ ನೆಲಕ್ಕೆ ಹಾಸಿಬಿಟ್ಟ. 1381ರಲ್ಲಿ ರೈತರು ದಂಗೆ ಎದ್ದಾಗ ಊರವರು ನುಗ್ಗಿ ಆ ನೆಲ ಕಿತ್ತು, ಕಲ್ಲಿನ ಚೂರುಗಳನ್ನು ಪ್ರಸಾದದ ಹಾಗೆ ಹಂಚಿಕೊಂಡರು. ಇಡೀ ಮಧ್ಯಯುಗದಲ್ಲಿ ನನಗೆ ಮೈ ಜುಂ ಅನ್ನಿಸಿದ ಕಥೆ ಇದೊಂದೇ. ಇದರಲ್ಲಿ ನೈಟ್ ಇಲ್ಲ.

ತುಂಗಾ_ತೀರ
ಬೀಸೋ ಕಲ್ಲಿನ ಕಥೆ ಗೊತ್ತೇ ಇರಲಿಲ್ಲ. ಇದು ಚಾರ್ಟಿಗೆ ಹೋಗುತ್ತೆ.

ಬ್ರಿಸ್ಟಲ್_ಭಟ್ಟ
ರಾಗಿಮುದ್ದೆಯವರೇ, ನೀವು ಹೇಳಿದ್ದು ನಿಜ. ಆದರೆ ವಿಮೆ ಅಂತ ಪೂರ್ತಿ ತಳ್ಳಿಹಾಕಬೇಡಿ. ಫ್ರಾನ್ಸಿನ ರಾಜ ಎರಡನೇ ಜಾನ್‌ನನ್ನು ತಗೊಳ್ಳಿ. 1356ರಲ್ಲಿ ಪ್ವಾತಿಯೇ ಯುದ್ಧದಲ್ಲಿ ಇಂಗ್ಲಿಷರಿಗೆ ಸೆರೆ ಸಿಕ್ಕ. 30 ಲಕ್ಷ ಚಿನ್ನದ ನಾಣ್ಯಕ್ಕೆ ಒಪ್ಪಂದವಾಗಿ, ಮಕ್ಕಳನ್ನು ಒತ್ತೆ ಇಟ್ಟು ಬಿಡುಗಡೆಯಾದ. 1363ರಲ್ಲಿ ಮಗ ಲೂಯಿ ಮಾತು ಮುರಿದು ಓಡಿಹೋದ. ರಾಜ ಏನು ಮಾಡಿದ? ತಾನೇ ಎದ್ದು ಲಂಡನ್ನಿಗೆ ವಾಪಸ್ ಸೆರೆಗೆ ಹೋದ. ಅಲ್ಲೇ 1364ರಲ್ಲಿ ಸತ್ತ. ಯಾರೂ ಕೈ ಹಿಡಿದು ಎಳೆದುಕೊಂಡು ಹೋಗಿರಲಿಲ್ಲ.

ರಾಗಿಮುದ್ದೆ
ಆ 30 ಲಕ್ಷಕ್ಕೆ ಉಪ್ಪಿನ ಮೇಲೆ, ವೈನ್ ಮೇಲೆ ತೆರಿಗೆ ಹಾಕಿದ್ದು ಯಾರ ಮೇಲೆ ಭಟ್ರೇ?

ಹುಬ್ಬಳ್ಳಿ_ಎಕ್ಸ್‌ಪ್ರೆಸ್
👏👏

ಪಿಕ್ಸೆಲ್_ಪ್ರಜೆ
ಯುದ್ಧ ಸಾಕು. ಕೋಟೆ ಒಳಗೆ ಜೀವನ ಹೇಗಿತ್ತು? ಸುರುಳಿ ಮೆಟ್ಟಿಲು ಬಲಕ್ಕೆ ತಿರುಗ್ತಾ ಮೇಲೆ ಹೋಗೋದು, ಕೆಳಗಿಂದ ಬರೋ ಶತ್ರುವಿನ ಬಲಗೈಗೆ ಗೋಡೆ ಅಡ್ಡ ಬರಲಿ ಅಂತ. ಇದು ಪಕ್ಕಾ ಗೊತ್ತು.

ಇತಿಹಾಸದ_ಮೇಷ್ಟ್ರು
ಇದನ್ನೂ ಗೈಡ್‌ಗಳು ಎಲ್ಲ ಕೋಟೆಯಲ್ಲೂ ಹೇಳ್ತಾರೆ. ಮಧ್ಯಯುಗದ ಯಾವ ದಾಖಲೆಯಲ್ಲೂ ಈ ಮಾತಿಲ್ಲ. 1902ರಲ್ಲಿ ಥಿಯೋಡರ್ ಕುಕ್ ಅನ್ನುವ, ಕತ್ತಿವರಸೆಯ ಹುಚ್ಚಿದ್ದ ಲೇಖಕ ಬರೆದ, ಅಲ್ಲಿಂದ ಹಬ್ಬಿತು. ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಎಷ್ಟೋ ಇವೆ. ಶತ್ರು ಮೆಟ್ಟಿಲವರೆಗೆ ಬಂದನೆಂದರೆ ಕೋಟೆ ಆಗಲೇ ಹೋಯ್ತು ಅಂತ ಅರ್ಥ.

ಪಿಕ್ಸೆಲ್_ಪ್ರಜೆ
ಕುದಿಯೋ ಎಣ್ಣೆ ಸುರಿಯೋದು?

ಇತಿಹಾಸದ_ಮೇಷ್ಟ್ರು
ಎಣ್ಣೆ ದುಬಾರಿ. ಕಲ್ಲು, ಬಿಸಿನೀರು, ಕಾದ ಮರಳು, ಸುಣ್ಣ ಇರುವಾಗ ಎಣ್ಣೆ ಯಾಕೆ ದಂಡ ಮಾಡ್ತಾರೆ?

ಕರಾವಳಿ_ಕಾಕ
ಗೇಮ್ ಪೂರ್ತಿ ಹಾಳು ಮಾಡಿಬಿಟ್ಟರು ಪಾಪ ಹುಡುಗನಿಗೆ.

ಬ್ರಿಸ್ಟಲ್_ಭಟ್ಟ
ಕೋಟೆ ಜೀವನದ ಬಗ್ಗೆ ನಾನು ಹೇಳ್ತೀನಿ. ಮೊದಲನೆಯದು, ಕೋಟೆ ಅಂದ್ರೆ ಯಾವಾಗಲೂ ಸೈನಿಕರಿಂದ ಗಿಜಿಗುಡುತ್ತಿತ್ತು ಅಂದುಕೊಳ್ಳಬೇಡಿ. ವೇಲ್ಸ್‌ನ ಕಾನ್ವಿ ಕೋಟೆ 1283ರಲ್ಲಿ ಶುರುವಾಗಿ ಸುಮಾರು 15,000 ಪೌಂಡ್ ನುಂಗಿತು. ಅಂಥ ಕೋಟೆಗೆ ಕಾಯಂ ಕಾವಲು 30 ಜನ, ಅದರಲ್ಲಿ 15 ಬಿಲ್ಲುಗಾರರು. ಜೊತೆಗೆ ಒಬ್ಬ ಪಾದ್ರಿ, ಒಬ್ಬ ಕಮ್ಮಾರ, ಒಬ್ಬ ಬಡಗಿ, ಒಬ್ಬ ಕಲ್ಲುಕುಟಿಗ. ಒಡೆಯ ಅಲ್ಲಿ ಇರುತ್ತಲೇ ಇರಲಿಲ್ಲ. ಒಂದು ಕೋಟೆಯಿಂದ ಇನ್ನೊಂದಕ್ಕೆ ಮಂಚ, ಹಾಸಿಗೆ, ಪರದೆ, ಪಾತ್ರೆ ಸಮೇತ ಗಾಡಿ ಕಟ್ಟಿಕೊಂಡು ತಿರುಗುತ್ತಿದ್ದ. ಅವನು ಬಂದರೆ ಜಾತ್ರೆ, ಹೋದರೆ ಖಾಲಿ ಮನೆ.

ಚೆಪ್‌ಸ್ಟೋದಲ್ಲಿ ನನಗೆ ತುಂಬ ಹಿಡಿಸೋದು ಹಳೇ ಬಾಗಿಲು. ಮರದ ದೊಡ್ಡ ಜೋಡಿ ಬಾಗಿಲು, ಹೊರಗಡೆ ಕಬ್ಬಿಣದ ತಗಡು ಬಡಿದಿದ್ದಾರೆ. ಹಿಂದೆ ಹೋಗಿ ನೋಡಿದರೆ ಜಾಲಿಯ ಹಾಗೆ ಅಡ್ಡ ಉದ್ದ ಮರದ ಪಟ್ಟಿ ಕೂಡಿಸಿದ್ದಾರೆ. ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆ ಎಣಿಸಿ ನೋಡಿದರೆ 1190ರ ಆಸುಪಾಸಿನದು, ಅಂದರೆ ಮಾರ್ಷಲ್ ಕಾಲದ್ದು. ಯುರೋಪಿನ ಅತಿ ಹಳೆಯ ಕೋಟೆ ಬಾಗಿಲು ಅಂತಾರೆ. 1962ರವರೆಗೆ ಹೆಬ್ಬಾಗಿಲಿನಲ್ಲೇ ನೇತಾಡುತ್ತಿತ್ತು, ಮಳೆಗೆ ಹಾಳಾಗದಿರಲಿ ಅಂತ ಈಗ ಒಳಗಿಟ್ಟಿದ್ದಾರೆ.

ಇನ್ನು ಶೌಚಾಲಯ. ಗೋಡೆಯಿಂದ ಹೊರಗೆ ಚಾಚಿದ ಪುಟ್ಟ ಗೂಡು, ಕೆಳಗೆ ಪ್ರಪಾತ, ಅದರ ಕೆಳಗೆ ವೈ ನದಿ. ಜೋಡಿ ಆಸನ. ಮಾರ್ಷಲ್ ನಂತರ ಬಂದವರು ಕಟ್ಟಿಸಿದ್ದು.

ಕರಾವಳಿ_ಕಾಕ
ಜೋಡಿ ಆಸನವಾ! ಮಾತಾಡ್ತಾ ಕೂತ್ಕೊಳ್ಳೋಕಾ?

ಸುಮಾ_ಕೆ
ಆ ಕೋಟೆಗಳನ್ನು ಕಾಪಾಡಿದವರಲ್ಲಿ ಹೆಂಗಸರೂ ಇದ್ದರು ಅನ್ನೋದನ್ನು ಬಿಡಬೇಡಿ. ನಿಕೋಲಾ ದ ಲಾ ಹೇ. ಲಿಂಕನ್ ಕೋಟೆಯ ಅಧಿಕಾರ ಅವಳಿಗೆ ಅಪ್ಪನ ಮನೆಯಿಂದ ಬಂದದ್ದು. 1216ರಲ್ಲಿ ಕೌಂಟಿಯ ಶೆರಿಫ್ (ಜಿಲ್ಲೆಯಲ್ಲಿ ರಾಜನ ಅಧಿಕಾರಿ) ಕೂಡ ಆದಳು. 1217ರಲ್ಲಿ ಫ್ರೆಂಚರೂ ದಂಗೆಕೋರರೂ ಸೇರಿ ಮುತ್ತಿಗೆ ಹಾಕಿದಾಗ ವಯಸ್ಸು ಅರವತ್ತು ದಾಟಿತ್ತು, ಗಂಡ ಸತ್ತಿದ್ದ. ಊರು ಬಿತ್ತು, ಕೋಟೆ ಬೀಳಲಿಲ್ಲ.

ಬ್ರಿಸ್ಟಲ್_ಭಟ್ಟ
ಅವಳ ನೆರವಿಗೆ ಬಂದಿದ್ದು ಯಾರು? ನಮ್ಮ ಮಾರ್ಷಲ್ಲೇ! ರಾಜ ಮೂರನೇ ಹೆನ್ರಿ ಒಂಬತ್ತು ವರ್ಷದ ಹುಡುಗ, ಮಾರ್ಷಲ್ ಅವನ ಪರವಾಗಿ ದೇಶ ಆಳುತ್ತಿದ್ದ. ಎಪ್ಪತ್ತರ ಮುದುಕ, 1217ರ ಮೇ 20ರಂದು ತಾನೇ ಮುಂದೆ ನಿಂತು ನುಗ್ಗಿದ. ಅವಸರದಲ್ಲಿ ಶಿರಸ್ತ್ರಾಣ ಹಾಕೋದೇ ಮರೆತಿದ್ದ, ಜೊತೆಯ ಹುಡುಗ ನೆನಪು ಮಾಡಿದ.

ಇತಿಹಾಸದ_ಮೇಷ್ಟ್ರು
ಆ ದಿನದ ಲೆಕ್ಕ ನೋಡಿದರೆ ಇಲ್ಲಿ ನಡೆದ ಜಗಳ ಅರ್ಧ ಮುಗಿಯುತ್ತೆ. ಸುಮಾರು 300 ನೈಟ್‌ಗಳು ಸೆರೆ ಸಿಕ್ಕರು. ಸತ್ತ ದೊಡ್ಡವರು ಬೆರಳೆಣಿಕೆ. ಫ್ರೆಂಚ್ ಕಡೆಯ ಪೆರ್ಶ್‌ನ ಕೌಂಟ್‌ಗೆ ಶಿರಸ್ತ್ರಾಣದ ಕಣ್ಣಿನ ಸಂದಿಯಲ್ಲಿ ಆಯುಧ ತೂರಿ ಸತ್ತ, ಅದಕ್ಕೆ ಎರಡೂ ಕಡೆಯವರು ಮರುಗಿದರು. ಅವನು ಮಾರ್ಷಲ್‌ಗೆ ಸಂಬಂಧಿ. ಆಮೇಲೆ ಗೆದ್ದವರು ಊರನ್ನು ಲೂಟಿ ಮಾಡಿದರು, ಚರ್ಚುಗಳನ್ನೂ ಬಿಡಲಿಲ್ಲ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದೋಣಿ ಹತ್ತಿ ತಪ್ಪಿಸಿಕೊಳ್ಳಲು ಹೋಗಿ, ಭಾರಕ್ಕೆ ದೋಣಿ ಮಗುಚಿ ಮುಳುಗಿದರು. ಸೈನಿಕರು ಈ ಲೂಟಿಗೆ 'ಲಿಂಕನ್ ಜಾತ್ರೆ' ಅಂತ ತಮಾಷೆಯ ಹೆಸರು ಬೇರೆ ಇಟ್ಟರು.

ರಾಗಿಮುದ್ದೆ
ಭಟ್ರೇ, ಈಗ?

ಬ್ರಿಸ್ಟಲ್_ಭಟ್ಟ
ಈಗಲೂ ನಾನು ಅವನ ಪರವೇ. ಹೆಂಡತಿಗೆ ಬಂದ ಕೋಟೆ, ಬೇರೆಯವರ ಕುದುರೆ, ಎಲ್ಲ ಒಪ್ಪಿದೆ. ಆದರೆ ಗೆದ್ದ ಮೇಲೆ ದಂಗೆಕೋರರ ತಲೆ ತೆಗೆಸದೆ, ಅವರು ಕೇಳಿದ್ದ ಮ್ಯಾಗ್ನಾ ಕಾರ್ಟಾವನ್ನೇ ತಿದ್ದಿ ಮತ್ತೆ ಹೊರಡಿಸಿದವನು ಅವನು. ಗೆಲ್ಲುವ ಮುಂಚೆಯೇ 1216ರಲ್ಲಿ ಒಮ್ಮೆ ಹೊರಡಿಸಿದ್ದ, ಗೆದ್ದ ಮೇಲೆ 1217ರಲ್ಲಿ ಇನ್ನೊಮ್ಮೆ. ಜಾನ್ ಕೈಯಲ್ಲಿ ಇದ್ದಿದ್ದರೆ ಆ ಕಾಗದ ಅವತ್ತೇ ಮಣ್ಣಾಗುತ್ತಿತ್ತು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ತಲೆ ತೆಗೆಸಿದರೆ ದಂಡದ ದುಡ್ಡು ಎಲ್ಲಿಂದ ಬರಬೇಕರೀ?

ಬ್ರಿಸ್ಟಲ್_ಭಟ್ಟ
ನಿಮ್ಮ ಜೊತೆ ವಾದ ಮಾಡೋದು ಕಷ್ಟ ಗುರುಗಳೇ.

ಪಿಕ್ಸೆಲ್_ಪ್ರಜೆ
ಒಬ್ಬ ಸೆರೆಯಾಳಾದರೂ ದುಡ್ಡು ಕೊಡದೆ ತಪ್ಪಿಸಿಕೊಂಡನಾ?

ಇತಿಹಾಸದ_ಮೇಷ್ಟ್ರು
ಒಬ್ಬನಿದ್ದಾನೆ, ಸೈಮನ್ ಅಂತ. ಫ್ರಾನ್ಸಿನ ಆನೆ (Anet) ಅನ್ನುವ ಊರಿನ ಪಂದ್ಯದಲ್ಲಿ ಮಾರ್ಷಲ್ ಅವನ ಕುದುರೆಯ ಲಗಾಮು ಹಿಡಿದು ಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದ, ಹಿಂದಕ್ಕೆ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಒಂದು ಮನೆಯ ಸೂರಿನಿಂದ ಮಳೆನೀರಿನ ದೋಣಿ ತಗ್ಗಾಗಿ ಚಾಚಿತ್ತು. ಸೈಮನ್ ಅದನ್ನು ಗಬಕ್ಕನೆ ಹಿಡಿದು ಜೋತುಬಿದ್ದ. ಹಿಂದೆ ಬರುತ್ತಿದ್ದ ಯುವರಾಜ ಹೆನ್ರಿ (ಎರಡನೇ ಹೆನ್ರಿಯ ಮಗ) ನೋಡಿದ, ಬಾಯಿ ಬಿಡಲಿಲ್ಲ. ಬಿಡಾರಕ್ಕೆ ಬಂದು ಮಾರ್ಷಲ್, 'ಈ ನೈಟ್‌ನನ್ನು ನೋಡಿಕೊಳ್ಳಿ' ಅಂದ. 'ಯಾವ ನೈಟ್?' ಅಂದ ಹೆನ್ರಿ. ತಿರುಗಿ ನೋಡಿದರೆ ಬರೀ ಕುದುರೆ! ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಮಾರ್ಷಲ್.

ಕರಾವಳಿ_ಕಾಕ
ಕುದುರೆ ಸಿಕ್ಕಿತಲ್ಲ, ನಗದೆ ಏನು ಮಾಡ್ತಾನೆ 😀

ಸುಮಾ_ಕೆ
ಭಟ್ರೇ, ಮುಂದಿನ ತಿಂಗಳು ತಂಗಿ ಮನೆಗೆ ಬ್ರಿಸ್ಟಲ್‌ಗೆ ಬರ್ತಿದ್ದೀನಿ. ಚೆಪ್‌ಸ್ಟೋಗೆ ಕಾರಿಲ್ಲದೆ ಹೋಗಬಹುದಾ? ಅಮ್ಮನೂ ಇರ್ತಾರೆ.

ಬ್ರಿಸ್ಟಲ್_ಭಟ್ಟ
ಆರಾಮಾಗಿ ಹೋಗಬಹುದು. ರೈಲು ಒಮ್ಮೆ ಬದಲಿಸಬೇಕಾಗಬಹುದು, ಚೆಪ್‌ಸ್ಟೋ ಸ್ಟೇಷನ್ನಿಂದ ಕೋಟೆಗೆ ನಡೆದೇ ಹೋಗಿ. ಒಳಗೆ ಏರು ಜಾಸ್ತಿ, ಅಮ್ಮನಿಗೆ ಕೆಳಗಿನ ಅಂಗಳದವರೆಗೆ ಸಾಕು. ಚಪ್ಪಲಿ ಬೇಡ, ಮಳೆ ಬಂದರೆ ಕಲ್ಲು ಜಾರುತ್ತೆ. ಬರುವ ಮುಂಚೆ ಮೆಸೇಜ್ ಹಾಕಿ.